ತಲೆಯ ಸಮಾಚಾರ

ತಲೆ ಸುತ್ತುತ್ತದೆ ಎಂದು ಹೋದವರನ್ನು ಡಾಕ್ಟರು ಈಗೀಗ ಕುತ್ತಿಗೆಯ ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ ಎಂದು ಕಳಿಸುವುದುಂಟು. ಕೆಲವರಿಗೆ ಇದರಿಂದ ಸಣ್ಣ ಅವಮಾನವೂ ಆಗುತ್ತದೆ. ಆದರೆ ಮೆದುಳಿಗೆ ರಕ್ತ ಹೋಗಲು ಬೇರೆ ದಾರಿಯೇ ಇಲ್ಲವಲ್ಲ! ಕತ್ತಿನ ಮುಂಭಾಗದಲ್ಲಿ ಎರಡು ಕೆರೋಟಿಡ್ ನಾಳ, ಹಿಂದೆ ಮೂಳೆಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುವ ಎರಡು ವರ್ಟಿಬ್ರಲ್ ನಾಳ. ಇಷ್ಟೇ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ. 2ರಷ್ಟು, ದೇಹ ಬಳಸುವ ಆಮ್ಲಜನಕದಲ್ಲಿ ಅದು ಕಬಳಿಸುವುದು ಶೇ. 20ರಷ್ಟು. ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಬೇಕು ಅದಕ್ಕೆ. ಲೆಕ್ಕ ಬಿಡಿಸುವಾಗಲೂ ಅಷ್ಟೇ, ಧಾರಾವಾಹಿ ನೋಡುವಾಗಲೂ ಹೆಚ್ಚುಕಡಿಮೆ ಅಷ್ಟೇ.

ನನ್ನ ಸೋದರಮಾವನನ್ನು ಈ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಕಾಯುವ ಕೋಣೆಯಲ್ಲಿ ಅವರ ತಲೆಯ ಮೇಲೆಯೇ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ಬೋರ್ಡು. 1994ರ ಕಾನೂನಿನ ಪ್ರಕಾರ ಸ್ಕ್ಯಾನಿಂಗ್ ಯಂತ್ರವಿರುವ ಕಡೆಯೆಲ್ಲ ಅದು ಇರಲೇಬೇಕು. ಪಿಂಚಣಿ ತೆಗೆದುಕೊಳ್ಳುವ ಮಾವ ಅದನ್ನು ಎರಡು ಸಲ ಓದಿ, “ಸದ್ಯ, ನನ್ನದು ಆಗಲೇ ಗೊತ್ತಾಗಿದೆ” ಅಂದರು. ಎದುರಿಗಿದ್ದ ಬಸುರಿ ಹೆಂಗಸು ಸೆರಗಿನಲ್ಲಿ ನಕ್ಕಳು.

ಒಳಗೆ ಅರೆಗತ್ತಲು. ಭುಜದಡಿ ದಿಂಬು ಕೊಟ್ಟು, ಗಲ್ಲ ಆ ಕಡೆ ತಿರುಗಿಸಿ, ತಣ್ಣಗಿನ ಜೆಲ್ ಸುರಿದರು. “ತಾತ, ಉಗುಳು ನುಂಗಬೇಡಿ.” ಹಾಗೆಂದ ಕೂಡಲೇ ಯಾರಿಗಾದರೂ ಬಾಯಿ ತುಂಬುತ್ತದೆ. ಯಂತ್ರದಿಂದ ಹುಶ್ಶ್... ಹುಶ್ಶ್... ಪರದೆಯ ಮೇಲೆ ಕೆಂಪು, ನೀಲಿ. ಕೆಂಪು ಒಳ್ಳೆಯ ರಕ್ತ, ನೀಲಿ ಕೆಟ್ಟ ರಕ್ತ ಎಂದು ಮಾವ ತೀರ್ಮಾನಿಸಿಬಿಟ್ಟರು. ಅದಲ್ಲ, ಹಿಡಿದ ಉಪಕರಣದ ಕಡೆಗೆ ಬರುವ ರಕ್ತಕ್ಕೆ ಒಂದು ಬಣ್ಣ, ದೂರ ಹೋಗುವುದಕ್ಕೆ ಇನ್ನೊಂದು. ಉಪಕರಣವನ್ನು ಓರೆ ಮಾಡಿದರೆ ಕೆಂಪೇ ನೀಲಿಯಾದೀತು.

ಇಷ್ಟಕ್ಕೂ ಕಾರಣನಾದ ಕ್ರಿಶ್ಚಿಯನ್ ಡಾಪ್ಲರನ ಕಣ್ಣಿದ್ದದ್ದು ಕುತ್ತಿಗೆಯ ಮೇಲಲ್ಲ, ಆಕಾಶದ ಮೇಲೆ. 1842ರಲ್ಲಿ ಪ್ರಾಗ್ ನಗರದಲ್ಲಿ ಅವನು ಮಾತಾಡಿದ್ದು ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ. ನಕ್ಷತ್ರಗಳ ಬಣ್ಣಕ್ಕೆ ಅವನು ಕೊಟ್ಟ ಕಾರಣ ನಿಲ್ಲಲಿಲ್ಲ, ಓಡುವ ವಸ್ತುವಿನಿಂದ ಬರುವ ಅಲೆಗಳ ಏರಿಳಿತದ ಸೂತ್ರ ನಿಂತಿತು. 1845ರಲ್ಲಿ ಹಾಲೆಂಡಿನ ವಿಜ್ಞಾನಿ ಬಾಯ್ಸ್ ಬ್ಯಾಲಟ್ ಅದನ್ನು ಪರೀಕ್ಷಿಸಲು ಕಹಳೆಯವರನ್ನು ರೈಲಿಗೆ ಹತ್ತಿಸಿದ, ಸ್ವರಜ್ಞಾನವಿದ್ದವರನ್ನು ಹಳಿಯ ಪಕ್ಕ ನಿಲ್ಲಿಸಿದ. ಹತ್ತಿರ ಬರುವಾಗ ಸ್ವರ ಏರಿತು, ದಾಟಿದ ಮೇಲೆ ಇಳಿಯಿತು. ಮೊದಲ ಪ್ರಯತ್ನವನ್ನು ಫೆಬ್ರವರಿಯ ಹಿಮ ಕೆಡಿಸಿತ್ತಂತೆ. ಕಹಳೆ ಊದುವವರ ತುಟಿ ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ. ಇಂದು ರೈಲಿನ ಕೆಲಸವನ್ನು ಕೆಂಪು ರಕ್ತಕಣಗಳು ಮಾಡುತ್ತವೆ. ಓಡುವ ಕಣಗಳಿಗೆ ತಾಗಿ ಮರಳುವ ಶಬ್ದದ ಏರಿಳಿತದಿಂದ ಯಂತ್ರ ವೇಗ ಹೇಳುತ್ತದೆ.

ವೇಗ ಹೆಚ್ಚಿದರೆ ಇಲ್ಲಿ ಯಾರಿಗೂ ಸಂತೋಷವಿಲ್ಲ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದವರಿಗೆ ಗೊತ್ತು, ದಾರಿ ಕಿರಿದಾದಷ್ಟೂ ಧಾರೆ ಚಿಮ್ಮುತ್ತದೆ. ಕೊಬ್ಬು ಕಟ್ಟಿದ ನಾಳದಲ್ಲೂ ಅದೇ. ಒಳಗಿನ ಕೆರೋಟಿಡ್ಡಿನಲ್ಲಿ ರಕ್ತ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಅರ್ಧಕ್ಕರ್ಧ ಕಟ್ಟಿರಬಹುದೆಂಬ ಗುಮಾನಿ. 230 ದಾಟಿದರೆ ಶೇ. 70. ಮಕ್ಕಳ ಓದಿನಿಂದ ಹಿಡಿದು ಇಂಟರ್ನೆಟ್ಟಿನವರೆಗೆ ಎಲ್ಲದರಲ್ಲೂ ಸ್ಪೀಡು ಕೇಳುವ ನಮಗೆ, ನಿಧಾನಕ್ಕೆ ಮಾರ್ಕ್ಸ್ ಕೊಡುವ ಪರೀಕ್ಷೆ ಇದೊಂದಾದರೂ ಉಳಿದಿದೆ. ಪೂರ್ತಿ ಮುಚ್ಚಿದ ನಾಳದಲ್ಲಿ ಮಾತ್ರ ಹುಶ್ಶೂ ಇಲ್ಲ, ಪಿಶ್ಶೂ ಇಲ್ಲ.

ತಲೆಬುರುಡೆಯೊಳಗಿನ ನಾಳಗಳ ಸದ್ದು ಕೇಳುವ ದಾರಿ ತೋರಿಸಿದ್ದು 1982ರಲ್ಲಿ ರೂನೆ ಆಸ್ಲಿಡ್ ಎಂಬ ಸಂಶೋಧಕ. ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ ಮೂಳೆ ತೆಳು. ಅಲ್ಲಿಂದ ಶಬ್ದ ನುಗ್ಗುತ್ತದೆ. ಕುಡುಗೋಲಿನಾಕಾರದ ರಕ್ತಕಣಗಳ ಕಾಯಿಲೆಯಿರುವ ಮಕ್ಕಳಲ್ಲಿ ಈ ವೇಗ 200 ದಾಟಿದರೆ ಲಕ್ವ ಹೊಡೆಯುವ ಭಯವಿದೆಯೆಂದು ಮೊದಲೇ ತಿಳಿದು, ರಕ್ತ ಕೊಟ್ಟು ಕಾಪಾಡುತ್ತಾರೆ. ಯಂತ್ರದ ಬಗ್ಗೆ ನನಗೆ ಗೌರವ ಬಂದದ್ದು ಇದನ್ನು ಕೇಳಿದಾಗ.

ಕೆಲವರ ಮೂಳೆ ದಪ್ಪವಾಗಿದ್ದು ಶಬ್ದ ಒಳಗೇ ಹೋಗುವುದಿಲ್ಲವಂತೆ, ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿಯಂತೆ. ಮಾವನಿಗೆ ಈ ತಲೆಬುರುಡೆಯ ಪರೀಕ್ಷೆಯನ್ನೂ ಮಾಡಿದರು. ಸದ್ದು ಸಲೀಸಾಗಿ ಒಳಹೊಕ್ಕಿತು, ನಾಳಗಳೂ ಸರಿಯಾಗಿದ್ದವು. ರಿಪೋರ್ಟು ಓದಿಸಿ ಕೇಳಿದ ಅತ್ತೆ, “ಹಂಗಾದ್ರೆ ನಾನು ಹೇಳಿದ್ದು ತಲೆಗೆ ಹೋಗದೇ ಇರೋದಕ್ಕೆ ಮೂಳೆ ಕಾರಣ ಅಲ್ಲ ಅಂತಾಯ್ತು” ಎಂದು ರಿಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.