ಕುಸಿತ ಪ್ರಯೋಗ ದರ್ಪಣ ಅಥವಾ ಹುಣಸೂರು ಸೀಮೆಯ ಇಳಿಜಾರು ವ್ಯಾಕರಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ‘ಕುಸಿತ’ ಎಂಬ ನಾಮಪದವನ್ನು ಜನ ಮನಬಂದಂತೆ ಬಳಸುತ್ತಿರುವುದು ವಿದ್ವತ್ ಲೋಕಕ್ಕೆ ಕಳವಳದ ಸಂಗತಿ. ಈ ವಿಷಯದಲ್ಲಿ ಕೇಶಿರಾಜನ ನೆರವು ಸಿಗುವಂತಿಲ್ಲ. ಆತ ‘ಶಬ್ದಮಣಿದರ್ಪಣ’ ಬರೆದದ್ದು 13ನೇ ಶತಮಾನದಲ್ಲಿ. ಹೊಗೆಸೊಪ್ಪು ತಂದ ಪೋರ್ಚುಗೀಸರು ಆಗಿನ್ನೂ ಇತ್ತ ಹಡಗು ತಿರುಗಿಸಿರಲಿಲ್ಲ. ಹರಾಜು ಕಟ್ಟೆಯಲ್ಲಿ ಒಂದು ದಿನವೂ ಬೇಲ್ ಪಕ್ಕ ನಿಲ್ಲದ ವ್ಯಾಕರಣಕಾರ ಕುಸಿತಕ್ಕೆ ವಿಭಕ್ತಿ ಹಚ್ಚುವುದಾದರೂ ಹೇಗೆ? ಆದಕಾರಣ ಆತನ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನಷ್ಟೇ ಸಾಲ ತಂದು ಈ ಪ್ರಬಂಧವನ್ನು ರಚಿಸಲಾಗಿದೆ. ಸಾಲ ತರುವುದಕ್ಕೆ ಈ ಸೀಮೆಯಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ.

ಸೂತ್ರ: ಕುಸಿತಕ್ಕೆ ಕರ್ತೃವಿಲ್ಲ.

ವೃತ್ತಿ: ‘ಬೆಲೆ ಕುಸಿತ’ ಎಂಬಲ್ಲಿ ಬೆಲೆಯು ಮಳೆಗೆ ನೆನೆದ ಮಣ್ಣುಗೋಡೆಯಂತೆ ತಾನಾಗಿ ಕುಸಿಯುತ್ತದೆ. ತಳ್ಳಿದವರು, ನೂಕಿದವರು, ಹತ್ತಿರ ಸುಳಿದವರು ಯಾರೂ ಇರುವುದಿಲ್ಲ. ಏರಿಕೆಗೂ ಇದೇ ನಿಯಮ ಎಂದು ಎಳೆಯ ವಿದ್ವಾಂಸರು ಭ್ರಮಿಸಬಾರದು. ಗೊಬ್ಬರ, ಸೌದೆ, ಕೂಲಿ ಏರಿದಾಗ ಏರಿಸಿದವರ ಹೆಸರು ಬಿಲ್ಲಿನ ಮೇಲೇ ಇರುತ್ತದೆ.

ಪ್ರಯೋಗ: ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಆರಂಭವಾದದ್ದು 1984ರಲ್ಲಿ. ಮಂಡಳಿಯ ಕೇಂದ್ರ ಕಚೇರಿ ಗುಂಟೂರಿನಲ್ಲಿದೆ. ಸೊಪ್ಪು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿರುತ್ತದೆ. ಮುಂಗಾರಿಗೆ ಮೊದಲೇ ಸಸಿ ಮಡಿ, ಮಳೆ ಬಿದ್ದ ಮೇಲೆ ನಾಟಿ, ಆಮೇಲೆ ಎಲೆ ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿ, ರಾತ್ರಿಯಿಡೀ ಸೌದೆ ಒಟ್ಟುತ್ತ ಶಾಖ ಕಾಯುವ ಕೆಲಸ. ಇದುವರೆಗಿನ ಪ್ರತಿಯೊಂದು ಕ್ರಿಯಾಪದಕ್ಕೂ ಕರ್ತೃ ಒಬ್ಬನೇ, ರೈತ. ಬೇಲ್ ಹರಾಜು ಕಟ್ಟೆ ಹತ್ತಿದ ಕ್ಷಣದಿಂದ ವ್ಯಾಕರಣ ಬದಲಾಗುತ್ತದೆ. ಗ್ರೇಡ್ ‘ಆಗುತ್ತದೆ’, ಬಿಡ್ ‘ಬರುತ್ತದೆ’, ಕೆಲವೊಮ್ಮೆ ‘ನೋ ಬಿಡ್’ ಎಂಬ ಅವ್ಯಯ ಬರುತ್ತದೆ, ಕೊನೆಗೆ ಬೆಲೆ ‘ಕುಸಿಯುತ್ತದೆ’. ಒಂದು ವಾಕ್ಯಕ್ಕೂ ಮನುಷ್ಯ ಸಂಪರ್ಕವಿಲ್ಲ. ಆದರೆ ನಿಗದಿಗಿಂತ ಹೆಚ್ಚು ಬೆಳೆದದ್ದಕ್ಕೆ ದಂಡ ಹಾಕುವ ಮಾತು ಬಂದಾಗ ಕಾಣೆಯಾಗಿದ್ದ ಕರ್ತೃ ನೋಂದಣಿ ಸಂಖ್ಯೆ ಸಮೇತ ಹಾಜರಾಗುತ್ತಾನೆ. ಬೆಳೆದವನು ಅವನೇ ತಾನೆ! ಕೆಲವು ವರ್ಷ ಕೇಂದ್ರ ಸರ್ಕಾರ ಈ ದಂಡವನ್ನು ಮನ್ನಾ ಮಾಡುತ್ತದೆ. ಅದಕ್ಕೂ ಕರ್ತೃಗಳುಂಟು. ಅವರ ಭಾವಚಿತ್ರಗಳು ಫ್ಲೆಕ್ಸಿನಲ್ಲಿ ದೊರೆಯುತ್ತವೆ.

ಶುಂಠಿಯ ಪ್ರಕರಣವನ್ನು ಇಲ್ಲಿ ವಿಸ್ತರಿಸುವುದಿಲ್ಲ. 60 ಕೆ.ಜಿ. ಚೀಲಕ್ಕೆ ದರ ಹೇಳುವ ಆ ಬೆಳೆ 2023ರಲ್ಲಿ ಹೊಲಕ್ಕೆ ಕ್ಯಾಮೆರಾ ಹಾಕಿಸುವಷ್ಟು ಏರಿತ್ತು. ಆಮೇಲೆ ಇಳಿಯಿತು. ಇಳಿಸಿದವರು ಮಾತ್ರ ಯಾವ ಕ್ಯಾಮೆರಾಕ್ಕೂ ಸಿಕ್ಕಲಿಲ್ಲ.

ಸೂತ್ರ: ಲೆಕ್ಕವಿರುವ ಕುಸಿತ ಕುಸಿತವಲ್ಲ.

ವೃತ್ತಿ: ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ‘ಕಬಿನಿಯಲ್ಲಿ ನೀರಿನ ಮಟ್ಟ ಕುಸಿತ’ ಎಂದು ಪತ್ರಿಕೆಗಳು ಬರೆಯುತ್ತವೆ. ಇದು ಅಪಪ್ರಯೋಗ. ಕೆಳಗೇ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂದು ಕ್ಯೂಸೆಕ್ ಲೆಕ್ಕ ಅಚ್ಚಾಗಿರುವಾಗ ಅದು ಕುಸಿತ ಹೇಗಾದೀತು? ನೀರು ಎಲ್ಲಿಗೆ ಹೋಯಿತೆಂಬುದು ತಮಿಳುನಾಡಿಗೂ ಗೊತ್ತು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಹಸಿರು ಹುಲ್ಲು ಮೇಲೆದ್ದರೆ ನಾಗರಹೊಳೆ, ಬಂಡೀಪುರಗಳ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಆನೆ ನೋಡಲು ರೆಸಾರ್ಟಿಗೆ ಜನ ಬರುತ್ತಾರೆ. ಹೀಗೆ ಇಲ್ಲಿ ಇಳಿದದ್ದು ಯಾರ ಪಾಲಿಗೆ ಏರಿತು ಎಂಬುದೂ ಬಯಲು. ಹೊಗೆಸೊಪ್ಪಿನ ಬೆಲೆ ಇಳಿದಾಗ ಮಾತ್ರ ಹೊರಹರಿವಿನ ಕಾಲಂ ಖಾಲಿ ಇರುತ್ತದೆ. ಆದ್ದರಿಂದ ಅದೊಂದೇ ಶುದ್ಧ ಕುಸಿತ.

ಕೆ.ಆರ್. ನಗರ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಅಷ್ಟೆತ್ತರದಿಂದ ಬಿದ್ದರೂ ಅದನ್ನು ಯಾರೂ ಕುಸಿತ ಎನ್ನುವುದಿಲ್ಲ, ‘ಧುಮುಕುತ್ತಾಳೆ’ ಎನ್ನುತ್ತಾರೆ. ದೇವತೆಗೆ ಸ್ವಂತ ಇಚ್ಛೆಯುಂಟು. ದನದ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ ಕೆಳಗೆ ಕೈ ಹಿಡಿದು ಬೆರಳು ಮಡಚಿ ಎತ್ತಿನ ಬೆಲೆ ಇಳಿಸುವ ಹಳೇ ಪದ್ಧತಿಯಲ್ಲೂ ಮಡಚಿದ ಬೆರಳು ಯಾರದೆಂದು ಇಬ್ಬರಿಗಾದರೂ ತಿಳಿದಿರುತ್ತದೆ.

ಸರ್ಕಾರಗಳ ವಿಷಯದಲ್ಲಿ ‘ಪತನ’ ಎಂಬ ಸಂಸ್ಕೃತ ಪದವೇ ಸಾಧು, ಎತ್ತರದಲ್ಲಿರುವವರು ಕನ್ನಡದಲ್ಲಿ ಬೀಳುವುದಿಲ್ಲ. 2019ರ ಜುಲೈ 23ರಂದು ಸಮ್ಮಿಶ್ರ ಸರ್ಕಾರ ಪತನವಾದಾಗ ಕರ್ತೃಪದಗಳ ಪಟ್ಟಿ ಕ್ಷೇತ್ರವಾರು ಸಿಕ್ಕಿತು; ಹುಣಸೂರಿನ ಶಾಸಕರೂ ಅದರಲ್ಲಿದ್ದರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಹುಣಸೂರಿನ ಮತದಾರರು ಆ ಕರ್ತೃವನ್ನು ಕರ್ಮವನ್ನಾಗಿ ಪರಿವರ್ತಿಸಿದ್ದು ಕರ್ಮಣಿ ಪ್ರಯೋಗಕ್ಕೆ ಉತ್ತಮ ಉದಾಹರಣೆ.

ಇನ್ನು ‘ಜಾರು’ ಧಾತು. ಬೆಲೆ ಜಾರುತ್ತದೆ, ಕಾರಣ ಕೇಳಿದರೆ ಉತ್ತರಿಸಬೇಕಾದವರು ಜಾರಿಕೊಳ್ಳುತ್ತಾರೆ. ‘ಜಾರಿಕೊಳ್ಳು’ ಎಂಬುದನ್ನು ಬಿಡಿಸಿ, ‘ಬೆಲೆ ಜಾರಿದ ಮೇಲೆ ಕೊಳ್ಳು’ ಎಂದು ಅರ್ಥ ಹೇಳುವ ಕಂಪಲಾಪುರದ ಪಾಠಾಂತರವೊಂದಿದೆ. ಸ್ವಾರಸ್ಯವಿದ್ದರೂ ಶಾಸ್ತ್ರಸಮ್ಮತವಲ್ಲ.

ಪೂರ್ವಪಕ್ಷ: ಇಷ್ಟೆಲ್ಲ ಇದ್ದರೂ ಈ ಸೀಮೆಯ ಬೆಳೆಗಾರರು ‘ಕುಸಿತ’ ಎಂಬ ನಾಮಪದವನ್ನೇ ಬಳಸುವುದಿಲ್ಲ. ಮನವಿಪತ್ರದಲ್ಲಿ ಬರೆಯುತ್ತಾರೆ, ಬಾಯಲ್ಲಿ ಬೇರೆ. “ಏನಣ್ಣ, ಮಾರ್ಕೆಟ್ಟು ಹೆಂಗೈತೆ?” ಎಂದರೆ “ರೇಟು ಬೀಳಿಸ್‌ಬುಟ್ಟವ್ರೆ ಕಣಪ್ಪ” ಎಂಬ ಉತ್ತರ. ಗಮನಿಸಿ: ‘ಬೀಳು’ ಅಲ್ಲ, ‘ಬೀಳಿಸು’. ಪ್ರೇರಣಾರ್ಥಕ! ಅಕರ್ಮಕವಾಗಿದ್ದ ಸಭ್ಯ ಕ್ರಿಯೆಯೊಂದನ್ನು ಹಾಡಹಗಲೇ ಸಕರ್ಮಕ ಮಾಡುವ ದುಸ್ಸಾಹಸ. ಮೇಲಾಗಿ ಕೊನೆಯಲ್ಲೊಂದು ‘ಅವ್ರೆ’. ಈ ಬಹುವಚನ ಸಂಖ್ಯಾವಾಚಕವೋ, ಗೌರವಾರ್ಥವೋ ಎಂದು ನಾವು ಬಹಳ ಚಿಂತಿಸಿದೆವು. ಹೇಳಿದವನ ಮುಖ ನೋಡಿದರೆ ಗೌರವದ್ದಂತೂ ಅಲ್ಲ.

ಸಿದ್ಧಾಂತ: ‘ಬೀಳಿಸವ್ರೆ’ ಎಂಬ ರೂಪವು ಕರ್ತೃಪದವಿಲ್ಲದೆ ನಿಲ್ಲಲಾರದು. ‘ಯಾರು’ ಎಂಬ ಪ್ರಶ್ನಾರ್ಥಕ ಸರ್ವನಾಮಕ್ಕೆ ಮಂಡಳಿ, ಕೊಳ್ಳುವ ಕಂಪನಿ, ಮಂತ್ರಾಲಯ ಎಂಬ ಮೂರೂ ಮೂಲಗಳು ಪರಸ್ಪರರತ್ತ ಬೆರಳು ತೋರುವುದರಿಂದ ಅನ್ವಯ ಸಾಧ್ಯವಾಗಿಲ್ಲ. ಆದ್ದರಿಂದ ನಾಲ್ಕೂ ತಾಲ್ಲೂಕುಗಳಲ್ಲಿ ಇಂದಿನಿಂದ ‘ಬೆಲೆ ಕುಸಿತ’ವೇ ಸಾಧು, ‘ಬೀಳಿಸವ್ರೆ’ ಅಸಾಧು ಎಂದು ಇದರಿಂದ ನಿರ್ಣಯಿಸಲಾಗಿದೆ. ಆಕ್ಷೇಪಣೆಯುಳ್ಳವರು ಕರ್ತೃಪದವನ್ನು ವಿಳಾಸ ಸಮೇತ ಲಿಖಿತವಾಗಿ ಸಲ್ಲಿಸತಕ್ಕದ್ದು; ಮುಂದಿನ ಹಂಗಾಮಿನ ಹರಾಜು ಮುಗಿದ ಮೇಲೆ ಪರಿಶೀಲಿಸಲಾಗುವುದು.