ಹಾಯ್ ತಿಪಟೂರು!

‘ಮಗಾ, ಡೊಮೇನ್ ಸುಟ್ಟೋಯ್ತು ಕಣೋ!’

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲೋ ಕೋರಮಂಗಲದಲ್ಲೋ ಸಂಜೆ ಏಳೂವರೆಯ ಹೊತ್ತಿಗೆ ಈ ಮಾತು ಕಿವಿಗೆ ಬಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋಗಬೇಡಿ. ಅಲ್ಲಿ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ನ್ಯೂಯಾರ್ಕಿನಲ್ಲಿ ಆಫೀಸು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿನ ಮ್ಯಾನೇಜರುಗಳಿಗೆ ನಮ್ಮ ಹುಡುಗರು ಕಳಿಸಿದ ಇಮೇಲುಗಳೆಲ್ಲ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬಿದ್ದಿವೆ, ಅಷ್ಟೆ. ಗುರುತು ಪರಿಚಯವಿಲ್ಲದವರಿಗೆ ಅವರು ಕೇಳದೇ ಇದ್ದರೂ ಮಾರಾಟದ ಮಾತು ಬರೆಯುವುದನ್ನು ಈ ದಂಧೆಯವರು ‘ಕೋಲ್ಡ್ ಇಮೇಲ್’ ಎನ್ನುತ್ತಾರೆ. ಸ್ಪ್ಯಾಮ್ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಸ್ಪ್ಯಾಮ್ ಕಳಿಸುವವರು ಯಾವಾಗಲೂ ಬೇರೆಯವರು.

ಮೊದಲಾದರೆ ಪತ್ರ ಬರೆಯಲು ಬಂದರೆ ಸಾಕಿತ್ತು. ಈಗ ಪತ್ರ ಹೇಗಿದ್ದರೂ ನಡೆಯುತ್ತದೆ, ಕಾಗದಪತ್ರ ಸರಿ ಇರಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆ ಇರಲೇಬೇಕೆಂದು ಗೂಗಲ್ 2024ರ ಫೆಬ್ರುವರಿಯಲ್ಲಿ ಕಟ್ಟಳೆ ತಂದಿತು. ಯಾಹೂ ಕೂಡ ಜೊತೆಗೂಡಿತು. ಮೊದಲನೆಯದು ಈ ಡೊಮೇನಿನ ಹೆಸರಿನಲ್ಲಿ ಯಾವ ಯಾವ ಸರ್ವರುಗಳು ಪತ್ರ ಕಳಿಸಬಹುದೆಂಬ ಪಟ್ಟಿ. ಎರಡನೆಯದು ದಾರಿಯಲ್ಲಿ ಯಾರೂ ಪತ್ರ ತಿದ್ದಿಲ್ಲವೆಂಬ ಡಿಜಿಟಲ್ ಸಹಿ. ಮೂರನೆಯದು, ಇವು ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂಬ ಆದೇಶ. ಆ ಆದೇಶದಲ್ಲಿ ‘ಏನೂ ಮಾಡಬೇಡಿ’ ಎಂದು ಬರೆದರೂ ನಡೆಯುತ್ತದೆ. ಬಹಳ ಜನ ಹಾಗೇ ಬರೆದಿದ್ದಾರೆ. ಸರ್ಕಾರಿ ಸುತ್ತೋಲೆ ಓದಿ ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಮೂರೂ ದಾಖಲೆ ನೋಡಿಕೊಳ್ಳುವುದು ಬಂದವನು ತಾನು ಹೇಳಿಕೊಂಡವನೇ ಹೌದೋ ಎಂಬುದನ್ನು. ಯಾಕೆ ಬಂದೆ ಎಂದು ಅವು ಕೇಳುವುದಿಲ್ಲ. ಅದನ್ನು ಕೇಳುವುದು ಅದೇ ಕಟ್ಟಳೆಯ ಇನ್ನೊಂದು ಸಾಲು: ಪತ್ರ ಪಡೆದವರಲ್ಲಿ ‘ಸ್ಪ್ಯಾಮ್’ ಗುಂಡಿ ಒತ್ತುವವರ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂರು ಜನ. ಸಾವಿರ ಅಪರಿಚಿತರ ಕದ ತಟ್ಟಿ, ಮೂವರು ಸಹ ಮುಖ ಸಿಂಡರಿಸದಂತೆ ನೋಡಿಕೊಳ್ಳಬೇಕು. ಬೇಕಾದವರಿಗೆ ಮಾತ್ರ ಬರೆದರೆ ಈ ಲೆಕ್ಕ ತಾನಾಗಿ ಸರಿಹೋಗುತ್ತಿತ್ತು. ಅಷ್ಟು ಸುಲಭವಾದದ್ದನ್ನು ಮಾಡಲು ಕನ್ಸಲ್ಟೆಂಟ್ ಯಾಕೆ ಬೇಕು?

ಕನ್ಸಲ್ಟೆಂಟ್ ಕಲಿಸುವ ಮೊದಲ ಪಾಠ, ಕಂಪನಿಯ ಅಸಲಿ ಡೊಮೇನನ್ನು ಮುಟ್ಟಬೇಡಿ. ಅದರ ಹೆಸರಿನ ಹಿಂದೆ ‘ಗೆಟ್’ ಅಂತಲೋ ‘ಟ್ರೈ’ ಅಂತಲೋ, ಮುಂದೆ ‘ಎಚ್‌ಕ್ಯೂ’ ಅಂತಲೋ ಸೇರಿಸಿ ಹತ್ತು ಡೊಮೇನು ಕೊಳ್ಳಿ. ಒಂದೊಂದರಲ್ಲಿ ಎರಡು ಮೂರು ಖಾತೆ ತೆರೆಯಿರಿ. ಒಂದು ಖಾತೆಯಿಂದ ದಿನಕ್ಕೆ ಮೂವತ್ತು ನಲವತ್ತು ಪತ್ರ ದಾಟಬೇಡಿ. ಒಂದು ಸುಟ್ಟರೆ ಎಸೆದು ಇನ್ನೊಂದು. ತಮ್ಮ ಪತ್ರದ ಮೇಲೆ ಇಷ್ಟೊಂದು ನಂಬಿಕೆ ಇಟ್ಟುಕೊಂಡವರೂ ಅದರ ಮೇಲೆ ತಮ್ಮ ನಿಜವಾದ ವಿಳಾಸ ಹಾಕಲು ಹೆದರುತ್ತಾರೆ ನೋಡಿ.

ಎರಡನೆಯ ಪಾಠಕ್ಕೆ ನಾನು ಮನಸೋತಿದ್ದೇನೆ. ಹೊಸ ಡೊಮೇನಿನಿಂದ ಮೊದಲ ದಿನವೇ ರಾಶಿ ಪತ್ರ ಹೊರಟರೆ ಜಿಮೇಲಿಗೆ ಅನುಮಾನ. ಹಾಗಾಗಿ ಕೆಲವು ವಾರ ಅದನ್ನು ‘ವಾರ್ಮ್ ಅಪ್’ ಮಾಡಬೇಕು. ತಿಂಗಳ ಚಂದಾ ಪಡೆದು ಈ ಕೆಲಸ ಮಾಡಿಕೊಡುವ ಸೇವೆಗಳಿವೆ. ಚಂದಾದಾರರ ಖಾತೆಗಳನ್ನೆಲ್ಲ ಒಂದು ಜಾಲಕ್ಕೆ ಕಟ್ಟಿ, ನಿಮ್ಮಿಂದ ಅವರಿಗೆ, ಅವರಿಂದ ನಿಮಗೆ ಪತ್ರ ಓಡಾಡುವಂತೆ ಮಾಡುತ್ತವೆ. ಬರೆಯುವ ಮನುಷ್ಯನೂ ಇಲ್ಲ, ಓದುವವನೂ ಇಲ್ಲ. ‘ಮಂಗಳವಾರದ ಮೀಟಿಂಗು ತುಂಬಾ ಚೆನ್ನಾಗಿತ್ತು’ ಎಂದು ಒಂದು ಯಂತ್ರ ಬರೆಯುತ್ತದೆ. ‘ಹೌದು, ವರದಿ ಕಳಿಸಿಕೊಡಿ’ ಎಂದು ಇನ್ನೊಂದು ಯಂತ್ರ ಉತ್ತರಿಸುತ್ತದೆ. ಮೀಟಿಂಗೂ ಆಗಿಲ್ಲ, ವರದಿಯೂ ಇಲ್ಲ. ಪತ್ರ ಅಪ್ಪಿತಪ್ಪಿ ಸ್ಪ್ಯಾಮಿಗೆ ಬಿದ್ದರೆ ಯಂತ್ರವೇ ಅದನ್ನು ಎತ್ತಿ ತಂದು, ಇದು ಬಹಳ ಮುಖ್ಯವಾದದ್ದೆಂದು ಗುರುತು ಹಾಕುತ್ತದೆ. ಮದುವೆಮನೆಯ ಮುಯ್ಯಿ ಇದ್ದ ಹಾಗೆ: ನಿಮ್ಮ ಮನೆಯ ಮದುವೆಗೆ ನಾನು ಐನೂರು, ನಮ್ಮ ಮನೆಯದಕ್ಕೆ ನೀವು ಐನೂರು. ಆದರೆ ಇಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಊಟವಂತೂ ಇಲ್ಲವೇ ಇಲ್ಲ. ಬರೀ ಮುಯ್ಯಿ ಓಡಾಡುತ್ತಿದೆ.

ಹೀಗೆ ಮಾನ ಸಂಪಾದಿಸಿಕೊಂಡ ಖಾತೆಯಿಂದ ಕೊನೆಗೂ ಮನುಷ್ಯನಿಗೆ ಪತ್ರ ಹೊರಡುತ್ತದೆ. ಅದು ನಿಮಗೊಬ್ಬರಿಗೇ ಬರೆದಂತೆ ಕಾಣಬೇಕು. ಅದಕ್ಕೇ ‘ಮೊದಲ ಹೆಸರು’ ಎಂಬ ಖಾಲಿ ಜಾಗ. ಅಮೆರಿಕದವರ ಹೆಸರಿನ ಅಳತೆಗೆ ಹೊಲಿದ ಈ ಉಪಕರಣಕ್ಕೆ ನಮ್ಮಲ್ಲಿ ಎಷ್ಟೋ ಜನರಿಗೆ ಊರು ಮೊದಲು, ಅಪ್ಪ ಆಮೇಲೆ, ಕರೆಯುವ ಹೆಸರು ಕಟ್ಟಕಡೆಗೆ ಎಂಬುದು ಗೊತ್ತಿಲ್ಲ. ತಿಪಟೂರಿನ ಹಿರಿಯರೊಬ್ಬರ ಹೆಸರಿನಲ್ಲಿ ಸಿಕ್ಕಿದ ಮೊದಲ ಪದವನ್ನು ಹಿಡಿದುಕೊಂಡು ಆತ್ಮೀಯತೆ ಶುರುಮಾಡುತ್ತದೆ: ‘ಹಾಯ್ ತಿಪಟೂರು, ನಿಮ್ಮ ಪಯಣ ನನಗೆ ಸ್ಫೂರ್ತಿ ನೀಡಿತು.’ ಯಾವ ಪಯಣ, ಅರಸೀಕೆರೆ ಕಡೆಗಿನದೋ ತುಮಕೂರು ಕಡೆಗಿನದೋ ಎಂದು ಆ ಹಿರಿಯರು ಯೋಚಿಸಬೇಕು. ಇನಿಷಿಯಲ್ ಇಟ್ಟುಕೊಂಡವರು ‘ಹಾಯ್ ಕೆ’. ಕಷ್ಟಪಟ್ಟು ಪಿಎಚ್‌ಡಿ ಮಾಡಿದವರು ‘ಹಾಯ್ ಡಾ.’.

ಈಗ ಎಐ ಬಂದಿರುವುದರಿಂದ ಈ ಉಪಕರಣ ನಿಮ್ಮ ಲಿಂಕ್ಡ್‌ಇನ್ ಪೋಸ್ಟನ್ನೂ ಓದಿ ಬರೆಯುತ್ತದೆ. ಅಪ್ಪ ತೀರಿಕೊಂಡರು ಎಂದು ನೀವು ಬರೆದುಕೊಂಡರೂ ‘ನಿಮ್ಮ ಇತ್ತೀಚಿನ ಬರಹ ಮನಮುಟ್ಟಿತು, ಅಂದಹಾಗೆ ನಿಮ್ಮ ಕಂಪನಿಯ ಪೇರೋಲ್ ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳುವಷ್ಟು ಸೂಕ್ಷ್ಮ ಅದಕ್ಕಿದೆ.

ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವೂ ಇರುತ್ತದೆ. ನೀವು ಪತ್ರ ತೆರೆದರೆ ಅದು ಹೋಗಿ ಕಳಿಸಿದವನಿಗೆ ಚಾಡಿ ಹೇಳುತ್ತದೆ. 2021ರ ಸೆಪ್ಟೆಂಬರಿನಿಂದ ಆಪಲ್ ಮೇಲ್, ನೀವು ಒಪ್ಪಿದರೆ, ಪತ್ರ ತೆರೆಯಲಿ ಬಿಡಲಿ, ಈ ಚಿತ್ರಗಳನ್ನು ತಾನೇ ಮೊದಲು ತರಿಸಿಟ್ಟುಕೊಳ್ಳುತ್ತದೆ. ಚಾಡಿ ಸುಳ್ಳಾಯಿತು, ‘ತೆರೆದವರ’ ಗ್ರಾಫ್ ಮಾತ್ರ ಮೇಲೇರಿತು. ಗ್ರಾಫ್ ಮೇಲೇರಿದ್ದಕ್ಕೆ ಯಾರಿಗೂ ಇನ್‌ಕ್ರಿಮೆಂಟ್ ಕೊಟ್ಟಿಲ್ಲ ಎಂದುಕೊಳ್ಳೋಣ.

ಈ ವಿದ್ಯೆಯ ಆದಿಪುರುಷ ಗ್ಯಾರಿ ಥರ್ಕ್. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟದವನು. 1978ರ ಮೇ 3ರಂದು, ಕ್ಯಾಲಿಫೋರ್ನಿಯಾದಲ್ಲಿ ತನ್ನ ಕಂಪನಿಯ ಹೊಸ ಕಂಪ್ಯೂಟರು ನೋಡಲು ಬನ್ನಿ ಎಂದು ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ಟಿನ ಸುಮಾರು 400 ಜನಕ್ಕೆ ಒಂದೇ ಏಟಿಗೆ ಪತ್ರ ಹೊಡೆಸಿದ. ಅಚ್ಚಾದ ಡೈರೆಕ್ಟರಿ ನೋಡಿ ವಿಳಾಸ ಟೈಪ್ ಮಾಡಿಸಿದ್ದು ಎಷ್ಟೆಂದರೆ, ವಿಳಾಸದ ಜಾಗ ತುಂಬಿ, ಉಳಿದ ವಿಳಾಸಗಳು ಪತ್ರದ ಒಳಗೇ ಚೆಲ್ಲಿದವು. ಆ ಜನಕ್ಕೆ ಮೊದಲ ಏಟಿಗೆ ಪತ್ರ ಹೋಗಲಿಲ್ಲ. ಜಗತ್ತಿನ ಮೊದಲ ಸ್ಪ್ಯಾಮಿಗೂ ತಲುಪುವ ಚಿಂತೆ ತಪ್ಪಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಕಡೆಯಿಂದ ಬೈಗುಳ ಬಂತು. ಆದರೆ ಆ ಪತ್ರದಿಂದ ಕೋಟಿಗೂ ಹೆಚ್ಚು ಡಾಲರಿನ ಕಂಪ್ಯೂಟರು ಮಾರಿದೆ ಎಂದು ಥರ್ಕ್ ಆಮೇಲೆ ಹೆಮ್ಮೆಯಿಂದ ಹೇಳಿಕೊಂಡ. ಬೈಗುಳವನ್ನು ಮರೆತು ಹೆಮ್ಮೆಯನ್ನಷ್ಟೇ ನೆನಪಿಟ್ಟುಕೊಂಡ ವಂಶ ಬೆಳೆಯಿತು.

ಕಾನೂನು ಇಲ್ಲವೆಂದಲ್ಲ. ಕೇಳದೆ ಕಳಿಸಲೇಬಾರದು ಎಂದು ಕ್ಯಾಲಿಫೋರ್ನಿಯಾ ಬಿಗಿ ಕಾನೂನು ಮಾಡಿ, ಅದು ಜಾರಿಗೆ ಬರಬೇಕಾದ ಹೊತ್ತಿಗೆ ಸರಿಯಾಗಿ, ಅಮೆರಿಕದ ಸಂಸತ್ತು 2003ರಲ್ಲಿ ಕ್ಯಾನ್-ಸ್ಪ್ಯಾಮ್ ಕಾಯ್ದೆ ತಂದು ಅದನ್ನು ಬದಿಗೆ ಸರಿಸಿತು. ಹೊಸ ಕಾಯ್ದೆಯ ಪ್ರಕಾರ ಕೇಳದೆ ಕಳಿಸಬಹುದು. ಸುಳ್ಳು ತಲೆಬರಹ ಬೇಡ, ಅಂಚೆ ವಿಳಾಸ ಇರಲಿ, ಬೇಡವೆಂದವರನ್ನು ಹತ್ತು ಕೆಲಸದ ದಿನಗಳೊಳಗೆ ಬಿಟ್ಟುಬಿಡಿ. ಕಾಯ್ದೆ ಬಂದ ಮುಂದಿನ ತಿಂಗಳೇ ಬಿಲ್ ಗೇಟ್ಸ್ ದಾವೋಸಿನಲ್ಲಿ, ಇನ್ನೆರಡು ವರ್ಷಕ್ಕೆ ಸ್ಪ್ಯಾಮ್ ಸಮಸ್ಯೆ ಮುಗಿಯುತ್ತದೆ ಎಂದರು. ನಮ್ಮಲ್ಲಿ ಮಾರಾಟದ ಕರೆ, ಎಸ್ಸೆಮ್ಮೆಸ್ ಬೇಡವೆನ್ನಲು 1909 ಎಂಬ ನಂಬರಾದರೂ ಇದೆ. ಇಮೇಲಿಗೆ ಅದೂ ಇಲ್ಲ.

ಇಷ್ಟೆಲ್ಲ ಜಾಲರಿ ಕಟ್ಟಿದ್ದಕ್ಕೆ ಸಿಕ್ಕಿಬೀಳುವವರು ಯಾರು? ಹೊರದೇಶದ ಯಾವುದೋ ಕನ್ನಡ ಸಂಘದ ಕಾರ್ಯದರ್ಶಿ. ಹಗಲೆಲ್ಲ ದುಡಿದು, ರಾತ್ರಿ ಕೂತು, ಚಂದಾ ಕೊಟ್ಟ ಸದಸ್ಯರಿಗೆ ಯುಗಾದಿ ಊಟದ ಆಹ್ವಾನ ಕಳಿಸುತ್ತಾರೆ. ಅವರಿಗೆ ಡಿಕಿಮ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆಹ್ವಾನ ಸ್ಪ್ಯಾಮಿಗೆ ಬೀಳುತ್ತದೆ, ಹೋಳಿಗೆ ಮಿಕ್ಕುತ್ತದೆ. ಪೇರೋಲ್ ಸಾಫ್ಟ್‌ವೇರಿನವನು ಮಾತ್ರ ಮೂರೂ ದಾಖಲೆ ಹಿಡಿದು ಇನ್‌ಬಾಕ್ಸಿನಲ್ಲಿ ಕಾಲುಚಾಚಿ ಕೂತಿರುತ್ತಾನೆ.

ಅವನ ಮೊದಲ ಪತ್ರಕ್ಕೆ ನೀವು ಉತ್ತರಿಸದಿದ್ದರೆ ಮೂರನೆಯ ದಿನ ‘ಸುಮ್ಮನೆ ನೆನಪಿಸೋಣವೆಂದು’. ಏಳನೆಯ ದಿನ ‘ನೀವು ಬಿಜಿ ಇರಬಹುದು’. ಆಮೇಲೆ ‘ಇದು ನನ್ನ ಕೊನೆಯ ಪತ್ರ’ ಎಂಬ ವಿರಹಗೀತೆ. ಕೊನೆಯಲ್ಲಿ ಅನ್‌ಸಬ್‌ಸ್ಕ್ರೈಬ್ ಕೊಂಡಿ ಇರುವುದಿಲ್ಲ. ಕೊಂಡಿ ಕಂಡರೆ ಜಾಹೀರಾತೆಂದು ಗೊತ್ತಾಗುತ್ತದಲ್ಲ. ಬದಲಿಗೆ, ‘ಬೇಡವಾದರೆ ಬೇಡವೆಂದು ಒಂದು ಮಾತು ಬರೆದುಬಿಡಿ’ ಎಂಬ ವಿನಯ. ಉತ್ತರ ಬಂದ ಖಾತೆಯ ಮೇಲೆ ಜಿಮೇಲಿಗೆ ಗೌರವ ಹೆಚ್ಚುತ್ತದೆ ಎಂಬುದು ಈ ಪಂಡಿತರ ನಂಬಿಕೆ. ಆದ್ದರಿಂದ ತಿಪಟೂರಿನ ಹಿರಿಯರು ತಾಳ್ಮೆಗೆಟ್ಟು, ‘ಅಯ್ಯಾ, ಇನ್ನೊಂದು ಸಲ ಬರೆದರೆ ನೋಡು’ ಎಂದು ದಪ್ಪಕ್ಷರದಲ್ಲಿ ಟೈಪ್ ಮಾಡಿ ಕಳಿಸಿದಾಗ, ಕೋರಮಂಗಲದಲ್ಲಿ ಒಂದು ಹಸಿರು ದೀಪ ಹತ್ತುತ್ತದೆ: ‘ರಿಪ್ಲೈ ಬಂತು ಮಗಾ, ಡೊಮೇನ್ ಚೆನ್ನಾಗಿದೆ!’