ಭಾವನ ತ್ರಿವಿಧ ದಾಸೋಹ

ಬೇಸಿಗೆ ರಜೆ ಎಂದರೆ ಏನೂ ಮಾಡದೆ ಬಿದ್ದಿರಲು ಸಿಕ್ಕ ಪರವಾನಗಿ ಎಂದು ನಂಬಿದ್ದ ಕೊನೆಯ ಪೀಳಿಗೆ ನಮ್ಮದು. ನಮ್ಮೂರು ಹಳಿಯಾಳಕ್ಕೆ ಬಂದ ನೆಂಟರು ಮಧ್ಯಾಹ್ನ ಚಪಾತಿ ಸೀಕರಣೆ ಹೊಡೆದು ಫ್ಯಾನಿನ ಕೆಳಗೆ ಚಾಪೆ ಹಾಸಿದರೆ ಏಳುತ್ತಿದ್ದುದು ಸಂಜೆಯ ಚಹಾಕ್ಕೆ. ನಡುವೆ ಕರೆಂಟ್ ಹೋದರೆ ಮಾತ್ರ ಎಚ್ಚರ. ರಜೆ ಮುಗಿಯುವುದರೊಳಗೆ ಒಮ್ಮೆ ಉಳವಿಗೆ ಹೋಗಿ ಚೆನ್ನಬಸವಣ್ಣನಿಗೆ ಕೈಮುಗಿದು, ದಾರಿಯಲ್ಲಿ ಬುತ್ತಿ ಬಿಚ್ಚಿ ಉಂಡು ಬಂದರೆ ಪ್ರವಾಸ ಮುಗಿಯಿತು.

ಈಗಿನವರು ಗುರಿ ಇಟ್ಟುಕೊಂಡು ಬರುತ್ತಾರೆ. ಬೆಂಗಳೂರಿನಲ್ಲಿರುವ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಈ ಸಲ ಮೇ ತಿಂಗಳಲ್ಲಿ ಬಂದಿಳಿದದ್ದು ಕಾರಿನ ನೆತ್ತಿಯ ಮೇಲೊಂದು ಸೈಕಲ್, ಮಣಿಕಟ್ಟಿನಲ್ಲೊಂದು ಗಡಿಯಾರ, ಗೋಡೆಗೆ ಅಂಟಿಸಲು ಒಂದು ವೇಳಾಪಟ್ಟಿ ಸಮೇತ. ಹೆಂಡತಿ ಮಕ್ಕಳು ಹಿಂದಿನ ಸೀಟಿನಲ್ಲಿ ಚೀಲಗಳ ಸಂದಿಯಲ್ಲಿದ್ದರು. ಸೈಕಲ್ಲಿನ ಬೆಲೆ ಕೇಳಿದ ನಮ್ಮ ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಇಂಜಿನ್ ಎಲ್ಲೈತಿ?" ಎಂದರು.

ಭಾವ ತಮ್ಮ ಮೊದಲ ಟ್ರಯಥ್ಲಾನಿಗೆ ತಯಾರಾಗುತ್ತಿದ್ದರು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಉಸ್ಸಪ್ಪಾ ಎನ್ನುವಂತಿಲ್ಲ. ಈ ಜ್ವರ ಅವರಿಗೆ ಹತ್ತಿದ ದಿನಾಂಕವೂ ನಮಗೆ ಗೊತ್ತು: 2024ರ ಅಕ್ಟೋಬರ್ 27. ಅಂದು ಗೋವಾದಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಐರನ್‌ಮ್ಯಾನ್ 70.3 ಸ್ಪರ್ಧೆ ಮುಗಿಸಿದರು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ತೆಗೆದುಕೊಂಡದ್ದು 8 ಗಂಟೆ 27 ನಿಮಿಷ 32 ಸೆಕೆಂಡ್. ಪ್ರಧಾನಿಯವರೇ ಬೆನ್ನು ತಟ್ಟಿದರು. ರಾಜಕಾರಣಿಗಳು ಓಡಿದರೆ ನಮ್ಮದೇನೂ ತಕರಾರಿಲ್ಲ, ಐದು ವರ್ಷಕ್ಕೊಮ್ಮೆ ಎಲ್ಲರೂ ಓಡುವವರೇ. ಆದರೆ ಮರುದಿನ ಪೇಪರ್ ಓದಿದ ಭಾವನಿಗೆ ತಾನು ಇಷ್ಟು ವರ್ಷ ಕುರ್ಚಿಯಲ್ಲಿ ಕೂತು ದೇಶದ್ರೋಹ ಮಾಡಿದೆ ಅನ್ನಿಸಿಬಿಟ್ಟಿತು.

ಈ ಐರನ್‌ಮ್ಯಾನ್ ಆಟದ ಹುಟ್ಟೂ ಒಂದು ಹರಟೆಯಲ್ಲಿಯೇ ಆದದ್ದು. ಹವಾಯಿಯಲ್ಲಿ ಒಂದು ಬಹುಮಾನ ವಿತರಣೆಯ ಹೊತ್ತಿಗೆ ಓಟಗಾರರು ಹೆಚ್ಚೋ ಈಜುಗಾರರು ಹೆಚ್ಚೋ ಎಂದು ವಾದ ಹತ್ತಿತು. ಜಾನ್ ಕಾಲಿನ್ಸ್ ಎಂಬ ಅಮೆರಿಕದ ನೌಕಾಪಡೆಯ ಅಧಿಕಾರಿ ಸೈಕಲ್ಲನ್ನೂ ಮಧ್ಯೆ ತಂದು, ಮೂರನ್ನೂ ಒಂದೇ ದಿನ ಮಾಡಿ ನೋಡಿಬಿಡೋಣ ಎಂದ. 1978ರ ಫೆಬ್ರುವರಿಯಲ್ಲಿ 15 ಮಂದಿ ಹೊರಟರು, 12 ಮಂದಿ ಮುಟ್ಟಿದರು. ನಮ್ಮ ಹಳಿಯಾಳದ ಚಹಾದಂಗಡಿಯಲ್ಲಿ ಇಂಥ ವಾದ ದಿನಕ್ಕೆ ನಾಲ್ಕು ನಡೆಯುತ್ತವೆ. ಬಿಲ್ ಯಾರು ಕೊಡಬೇಕು ಎಂಬಲ್ಲಿಗೆ ಬಂದು ಎಲ್ಲವೂ ಬಗೆಹರಿಯುತ್ತವೆ.

ಮೊದಲನೆಯ ಗಂಡಾಂತರ ಈಜಿನದು. "ತೆರೆದ ನೀರು ಬೇಕು. ನಿಮ್ಮಲ್ಲಿ ಇಡೀ ಕಾಳಿ ನದಿಯೇ ಇದೆಯಲ್ಲ!" ಎಂದರು ಭಾವ. ಇದೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುವ ನದಿ. ದಾಂಡೇಲಿಯ ಮಗ್ಗುಲಿಗೆ ಬರುವಾಗ ಅದರಲ್ಲಿ ಮೊಸಳೆಗಳೂ ಇವೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವುದನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ದಡದಲ್ಲಿ ಎಚ್ಚರಿಕೆಯ ಬೋರ್ಡೂ ಇದೆ; ಅದರ ಮುಂದೆಯೇ ನಿಂತು ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಭಾವ ಅಂಗಿ ಬಿಚ್ಚಿ ಕನ್ನಡಕ ಏರಿಸಿ ಕೈಕಾಲು ಬೀಸುತ್ತಿದ್ದರು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕರೊಬ್ಬರು ನಿಂತು ನೋಡಿದರು. "ಸಾಹೇಬ್ರ, ಈಸಾಕ ಬಂದೀರೇನು?" "ಹೌದು." "ಈಸ್ರಿ, ಈಸ್ರಿ. ಹೊಳೀ ಏನ್ ನಮ್ಮಪ್ಪಂದಲ್ಲ. ಆದ್ರ ನಿಮ್ಮ ಮನ್ಯಾವ್ರ ನಂಬರ್ ಒಂದು ಕೊಟ್ಟು ಇಳೀರಿ." ಭಾವ ಅಂಗಿ ಹಾಕಿಕೊಂಡರು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸೆನ್ ನದಿಯ ನೀರು ಕೆಟ್ಟಿದೆಯೆಂದು ಗಂಡಸರ ಟ್ರಯಥ್ಲಾನನ್ನು ಒಂದು ದಿನ ಮುಂದೂಡಬೇಕಾಯಿತು. ಆ ನದಿಯನ್ನು ತೊಳೆಯಲು ಫ್ರೆಂಚರು ಸುಮಾರು 140 ಕೋಟಿ ಯುರೋ ಸುರಿದಿದ್ದರು. ನಮ್ಮಲ್ಲಿ ಆ ಖರ್ಚೇ ಇಲ್ಲ. ನೀರಿನ ಗುಣಮಟ್ಟ ಪರೀಕ್ಷಿಸುವ ಹೊತ್ತಿಗೆ ಈಜುವವನ ಗುಣಮಟ್ಟ ಪರೀಕ್ಷಿಸಲು ಮೊಸಳೆಯೇ ಬರುತ್ತದೆ.

ಹಾಗಾದರೆ ಗಣೇಶಗುಡಿಗೆ ಹೋಗೋಣ ಎಂದಾಯಿತು. ಅಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅದರ ಕೆಳಗೆ ರಾಫ್ಟಿಂಗ್ ನಡೆಯುತ್ತದೆ. ಜಾಹೀರಾತಿನಲ್ಲಿ ಇದಕ್ಕೆ ‘ಕಾಡುನದಿಯ ಕರೆ’ ಎಂಬಂಥ ಹೆಸರುಗಳಿರುತ್ತವೆ. ಕರೆಯುವುದು ನದಿಯಲ್ಲ, ಟರ್ಬೈನು. ವಿದ್ಯುತ್ ತಯಾರಿಸಲು ನೀರು ಬಿಟ್ಟಾಗಲೇ ಅಲ್ಲಿ ಅಲೆ ಏಳುವುದು. ಬೆಂಗಳೂರಿನವರು ಎ.ಸಿ. ಹಚ್ಚಿದರೆ ಇಲ್ಲಿ ರಾಫ್ಟು ತೇಲುತ್ತದೆ. ಅದೇ ಬೆಂಗಳೂರಿನವರು ಇಲ್ಲಿಗೆ ಬಂದು, ಅಬ್ಬಾ ಪ್ರಕೃತಿ, ಎನ್ನುತ್ತಾರೆ. ಆ ಅಣೆಕಟ್ಟಿಗೆ ಹಳೆಯ ಸೂಪಾ ಊರೇ ಮುಳುಗಿತು, ಜನ ರಾಮನಗರಕ್ಕೆ ಗಂಟುಮೂಟೆ ಕಟ್ಟಿದರು, ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ತೆರೆದ ನೀರಿನ ಬಗ್ಗೆ ಭಾವನಿಗಿಂತ ಅವರಿಗೆ ಹೆಚ್ಚು ಗೊತ್ತು, ಆದರೆ ಪದಕ ಕೊಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ನೀರು ಯಾವಾಗ ಬಿಡುತ್ತಾರೆ, ಎಷ್ಟು ಬಿಡುತ್ತಾರೆ ಎಂಬುದು ಭಾವನ ವೇಳಾಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಈಜಿನ ತರಬೇತಿ ಕಡೆಗೆ ಒಂದು ರೆಸಾರ್ಟಿನ ಕೊಳದಲ್ಲಿ ನಡೆಯಿತು. ಹತ್ತು ಸಲ ಕೈ ಬೀಸಿದರೆ ಗೋಡೆ ಬರುತ್ತದೆ. ಮಕ್ಕಳು ಆಡುತ್ತಿದ್ದ ಚೆಂಡು ತಲೆಗೆ ಬಡಿದಾಗಲೆಲ್ಲ ಭಾವ ನೀರಿನಿಂದ ಮೇಲೆ ಬಂದು, "ಮಕ್ಕಳನ್ನು ಸ್ವಲ್ಪ ಹೊರಗೆ ಕರಕೊ" ಎಂದು ಅಕ್ಕನಿಗೆ ಹೇಳುತ್ತಿದ್ದರು. ಬಂದದ್ದು ಮಕ್ಕಳ ರಜೆಗೆ.

ಸೈಕಲ್ಲಿನ ದಿನ ಇಡೀ ಕುಟುಂಬಕ್ಕೆ ‘ಪಿಕ್ನಿಕ್’ ಘೋಷಣೆಯಾಯಿತು. ದಾಂಡೇಲಿಯಿಂದ ಉಳವಿ ರಸ್ತೆ. ಮುಂದೆ ಸೈಕಲ್ ಮೇಲೆ ಭಾವ, ಹಿಂದೆ ಇಂಡಿಕೇಟರ್ ಮಿಣುಕಿಸುತ್ತ ಎತ್ತಿನಬಂಡಿಯ ವೇಗದಲ್ಲಿ ಕಾರು, ಸ್ಟಿಯರಿಂಗ್ ಹಿಡಿದ ಅಕ್ಕ. ಪಕ್ಕದ ಸೀಟಿನಲ್ಲಿ ನಾನು. ನನ್ನ ತೊಡೆಯ ಮೇಲೆ ಗಾಳಿ ಪಂಪು, ಪಂಕ್ಚರ್ ಸಾಮಾನು, ಉಪ್ಪಿನ ಗುಳಿಗೆಗಳ ಡಬ್ಬಿ, ಟೂತ್‌ಪೇಸ್ಟಿನ ಹಾಗೆ ಹಿಂಡಿ ಬಾಯಿಗೆ ಹಾಕಿಕೊಳ್ಳುವ ಜೆಲ್ ಪಾಕೀಟುಗಳು. ಕಿಟಕಿಯಿಂದ ಕೈ ಚಾಚಿ ಬಾಳೆಹಣ್ಣು ಕೊಡುವುದು ನನ್ನ ಪಾಲಿನ ಸೇವೆ, ಸಿಪ್ಪೆ ಸುಲಿದೇ ಕೊಡಬೇಕು. ಜೋಯಿಡಾದಲ್ಲಿ ವರ್ಷಕ್ಕೊಮ್ಮೆ ಗಡ್ಡೆ ಗೆಣಸಿನ ಮೇಳ ನಡೆಯುತ್ತದೆ. ಕುಣಬಿ ಸಮುದಾಯದ ಹೆಣ್ಣುಮಕ್ಕಳು ಬೆಳೆದು ತಂದಿಡುವ ತರಾವರಿ ಗಡ್ಡೆಗಳಲ್ಲಿ ಒಂದನ್ನು ಬೇಯಿಸಿ ತಿಂದರೆ ಮಧ್ಯಾಹ್ನದ ತನಕ ಹೊಟ್ಟೆ ಮಾತಾಡುವುದಿಲ್ಲ. ಆದರೆ ಅದರ ಮೇಲೆ ಕ್ಯಾಲೊರಿ ಎಷ್ಟೆಂದು ಅಚ್ಚು ಹಾಕಿರುವುದಿಲ್ಲವಾದ್ದರಿಂದ ಭಾವ ನಂಬಲಿಲ್ಲ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ ಇದು. ಕಪ್ಪು ಚಿರತೆಗೆ ಹೆಸರಾದ ಕಾಡು. ಮಂಗಟ್ಟೆ ಹಕ್ಕಿಗೆಂದೇ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾದ ನಾಡು. ಒಂದು ತಿರುವಿನಲ್ಲಿ ಮಂಗಟ್ಟೆಯೊಂದು ರಸ್ತೆಯ ಮೇಲಿಂದಲೇ ದಾಟಿತು. ಆ ರೆಕ್ಕೆಯ ಸದ್ದು ಕಾರಿನೊಳಗೂ ಕೇಳಿತು. ಮಕ್ಕಳು ಕೂಗಿದರು, ಅಕ್ಕ ಬ್ರೇಕ್ ಹಾಕಿದಳು. ಭಾವ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಗಾಳಿ ತಡೆಯುತ್ತದಂತೆ. ಸಿಂಥೇರಿ ಬಂಡೆಯ ಬೋರ್ಡು ಬಂತು. ಸುಮಾರು 300 ಅಡಿಯ ಏಕಶಿಲೆ, ಬುಡದಲ್ಲಿ ಕಾನೇರಿ ಹೊಳೆ, ಬಂಡೆಯ ತುಂಬ ಜೇನು. ಚಿಕ್ಕವಳು ಕೇಳಿದಳು: "ಮಾಮಾ, ಇಳಿಯೋಣ್ವಾ?" ಉತ್ತರ ಅಕ್ಕ ಕೊಟ್ಟಳು: "ಬರೂ ಮುಂದ ನೋಡೂಣಂತ ಪುಟ್ಟಿ. ಈಗ ನಿಮ್ಮಪ್ಪಂದು ಸರಾಸರಿ ಕೆಡ್ತೈತಿ." ಬರುವಾಗ ಸರಾಸರಿ ಆಗಲೇ ಕೆಟ್ಟಿತ್ತು, ಭಾವನ ಮುಖವೂ ಕೆಟ್ಟಿತ್ತು, ಸಿಂಥೇರಿಯ ಗೇಟು ಮುಚ್ಚಿತ್ತು.

ಇದೇ ರಸ್ತೆಯಲ್ಲಿ ಮಾಘ ಮಾಸದ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಸಾಲು ಸಾಲು ಚಕ್ಕಡಿಗಳು ಬರುತ್ತವೆ, ನಡೆದೇ ಬರುವವರೂ ಇದ್ದಾರೆ. ದಿನಗಟ್ಟಲೆ ಪ್ರಯಾಣ, ದಾರಿಯಲ್ಲೇ ಒಲೆ, ಅಲ್ಲೇ ನಿದ್ದೆ. ಅವರು ಇಳಿಯುತ್ತಾರೆ, ಎತ್ತುಗಳಿಗೆ ನೀರು ಕುಡಿಸುತ್ತಾರೆ, ಮಕ್ಕಳಿಗೆ ಹೊಳೆ ತೋರಿಸುತ್ತಾರೆ. ಸರಾಸರಿ ಕೆಟ್ಟಿತೆಂದು ಇದುವರೆಗೆ ಯಾವ ಎತ್ತೂ ಮುನಿಸಿಕೊಂಡಿಲ್ಲ.

ಓಟಕ್ಕೆ ಮುಂಡಗೋಡ. ಸಮತಟ್ಟಾದ ದಾರಿ ಎಂಬುದೊಂದೇ ಕಾರಣ. 1966ರಲ್ಲಿ ನೆಲೆಯಾದ ಟಿಬೆಟನ್ ಕ್ಯಾಂಪ್ ಅಲ್ಲಿದೆ, ಗಾಂದೆನ್ ಮತ್ತು ದ್ರೆಪುಂಗ್ ಮಠಗಳಿವೆ. ಸಂಜೆ ಅಂಗಳದಲ್ಲಿ ಸನ್ಯಾಸಿಗಳ ತರ್ಕ ನಡೆದಿತ್ತು. ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ನಿಂತವನು ಎಡಗಾಲನ್ನು ಅಪ್ಪಳಿಸಿ, ಅಂಗೈಗೆ ಅಂಗೈ ಚಟ್ ಎಂದು ಬಡಿದು ಪ್ರಶ್ನೆ ಎಸೆಯುತ್ತಾನೆ. ಕೂತವನು ತಡವರಿಸಿದರೆ ಸುತ್ತಲಿದ್ದವರೆಲ್ಲ ನಗುತ್ತಾರೆ. ನಮ್ಮ ಹುಡುಗ ಮೊಬೈಲ್ ಮರೆತು ಬಾಯಿ ತೆರೆದು ನೋಡುತ್ತ ನಿಂತ. ಅಷ್ಟರಲ್ಲಿ ಒಂದು ಸುತ್ತು ಓಡಿ ಬಂದ ಭಾವನ ಗಡಿಯಾರ ಕೂಗಿತು. ‘ನಿಮ್ಮ ಒತ್ತಡ ಹೆಚ್ಚಿದೆ, ಒಂದು ನಿಮಿಷ ದೀರ್ಘವಾಗಿ ಉಸಿರಾಡಿ’ ಎಂದು ಅದರಲ್ಲಿ ಬರೆದಿತ್ತು. ಸಾವಿರಾರು ಸನ್ಯಾಸಿಗಳ ನಡುವೆ ನಿಂತವನಿಗೆ ಉಸಿರಾಟ ಕಲಿಸಲು ಚೀನಾದಲ್ಲಿ ತಯಾರಾದ ಗಡಿಯಾರ! ಆ ಅಂಗಳದಲ್ಲಿ ಅದನ್ನು ಬಹಿರಂಗವಾಗಿ ಹೇಳುವುದು ಬೇಡವೆಂದು ಸುಮ್ಮನಾದೆ. ಮಕ್ಕಳಿಗೆ ಮೊಮೊ ಸಿಕ್ಕಿತು. ರಜೆಯಲ್ಲಿ ಅವರು ಪೂರ್ತಿ ಮುಗಿಸಿದ ಸ್ಪರ್ಧೆ ಅದೊಂದೇ.

ಓಟದ ಮಾತು ಬಂದಮೇಲೆ ಈ ಸೀಮೆಯ ಇನ್ನೊಂದು ಓಟವನ್ನೂ ಹೇಳಬೇಕು. 1980ರ ದಶಕದ ಕೊನೆಗೆ, ಮಾರ್ಗರೆಟ್ ಆಳ್ವ ಕ್ರೀಡಾ ಖಾತೆಯಲ್ಲಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಕರೆದೊಯ್ದಿತು. ಇವರ ಪೂರ್ವಜರು ಆಫ್ರಿಕಾದವರು, ಹಾಗಾಗಿ ಒಲಿಂಪಿಕ್ ಪದಕ ರಕ್ತದಲ್ಲೇ ಇರುತ್ತದೆ, ಹೊರಗೆ ತೆಗೆದರಾಯಿತು ಎಂಬುದು ದಿಲ್ಲಿಯ ಗಣಿತ. ಹಾಸ್ಟೆಲ್ಲು, ಬೂಟು, ಹೊಟ್ಟೆ ತುಂಬ ಊಟ, ಕೋಚು ಎಲ್ಲ ಬಂತು. ಕಮಲಾ ಸಿದ್ದಿ, ಜುಜೆ ಜಾಕಿ ಹರ್ನೋಡ್ಕರ್ ಅಂಥವರ ಹೆಸರು ರಾಷ್ಟ್ರಮಟ್ಟದ ಟ್ರ್ಯಾಕಿನಲ್ಲಿ ಕೇಳಿಬಂತು. ಕೆಲವೇ ವರ್ಷಗಳಲ್ಲಿ ಸರಕಾರ ಯೋಜನೆಯನ್ನೇ ಮುಚ್ಚಿತು. ಓಡುತ್ತಿದ್ದ ಮಕ್ಕಳು ಗುರಿ ಮುಟ್ಟುವ ಮೊದಲೇ ಗುರಿಯನ್ನು ಕಿತ್ತುಕೊಂಡು ಹೋದರು. ಇದೇ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಅವರ ರಕ್ತದಲ್ಲಿ ಪದಕ ಇದೆಯೆಂದು ದಿಲ್ಲಿಗೆ ಮೊದಲೇ ಕಂಡಿತ್ತು, ಅವರ ಮನೆಯಲ್ಲಿ ಬಡತನ ಇದೆಯೆಂದು ಕಾಣಲು ಹದಿನೈದು ವರ್ಷ ಹೆಚ್ಚಿಗೆ ಹಿಡಿಯಿತು.

ಹಳಿಯಾಳದಲ್ಲಿ ಇವತ್ತಿಗೂ ಬೆಳಗಿನ ಜಾವ ಎದ್ದು ಕುಸ್ತಿಯ ಅಭ್ಯಾಸಕ್ಕಿಳಿಯುವ ಹುಡುಗ ಹುಡುಗಿಯರಿದ್ದಾರೆ. ಲೀನಾ ಸಿದ್ದಿಯಂಥ ಹೆಣ್ಣುಮಕ್ಕಳು ಇಲ್ಲಿಂದಲೇ ರಾಷ್ಟ್ರಮಟ್ಟದ ಅಖಾಡಕ್ಕೆ ಹೋದವರು. ಒಂದು ಬೆಳಿಗ್ಗೆ ಭಾವ ಓಡುತ್ತಿದ್ದಾಗ ಅಂಥ ಹತ್ತಾರು ಮಕ್ಕಳ ಗುಂಪು ಮಾತಾಡುತ್ತ, ನಗುತ್ತ ಅವರನ್ನು ಹಿಂದೆ ಹಾಕಿತು. ಒಬ್ಬ ಹುಡುಗನ ಕಾಲಲ್ಲಿ ಚಪ್ಪಲಿಯಿತ್ತು. ಮನೆಗೆ ಬಂದ ಭಾವ ಬೂಟು ಬದಲಿಸಬೇಕು ಎಂದು ತೀರ್ಮಾನಿಸಿದರು.

ಮಳೆಗಾಲ ಕಳೆದು, ಭಾವ ತಯಾರಾಗುತ್ತಿದ್ದ ಗೋವಾದ ಸ್ಪರ್ಧೆಯೂ ನಡೆಯಿತು. ಮಿರಾಮಾರ್ ಕಡಲತೀರ. ನಸುಕಿನಿಂದ ಅಕ್ಕ, ಮಕ್ಕಳು, ನಾನು ಕಟಕಟೆಗೆ ಒರಗಿ ನಿಂತಿದ್ದೆವು. ಭಾವ ನೀರಿನಿಂದ ಬರುವುದನ್ನು ನೋಡಲು ಒಂದು ಗಂಟೆ, ನೋಡಿದ್ದು ಹತ್ತು ಸೆಕೆಂಡು. ಅದೂ ಅವರೋ ಇನ್ನೊಬ್ಬರೋ ಎಂದು ನಮ್ಮಲ್ಲೇ ಜಗಳ. ಅದೇ ಟೊಪ್ಪಿಗೆ, ಅದೇ ಕನ್ನಡಕದ ನೂರಾರು ಜನ. ಮುಂದೆ ಸೈಕಲ್ ಹೋದದ್ದು ಕಾಣಲಿಲ್ಲ. ಈ ಆಟದವರು ಬಟ್ಟೆ ಬೂಟು ಬದಲಿಸುವ ಹೊತ್ತನ್ನೂ ಲೆಕ್ಕ ಹಿಡಿದು ಅದನ್ನು ನಾಲ್ಕನೆಯ ಆಟ ಎನ್ನುತ್ತಾರೆ. ಸುಳ್ಳು. ನಾಲ್ಕನೆಯದು ಕಾಯುವ ಆಟ. ಭಾವನಿಗೆ ನಿಗದಿಯಾದ ಸಮಯ ಎಂಟೂವರೆ ಗಂಟೆ. ಅಕ್ಕನದಕ್ಕೆ ಮಿತಿ ಹಾಕಿದವರಿಲ್ಲ. ಅಂತೂ ಭಾವ ಹೊತ್ತಿನೊಳಗೆ ಮುಟ್ಟಿದರು, ಅತ್ತರು, ನಾವೂ ಚಪ್ಪಾಳೆ ತಟ್ಟಿದೆವು. ಮನಸಾರೆ ತಟ್ಟಿದೆವು, ಅದರಲ್ಲಿ ವ್ಯಂಗ್ಯವಿಲ್ಲ. ನಲವತ್ತು ದಾಟಿದ ಮನುಷ್ಯ ಅಷ್ಟು ದೂರ ಬಂದದ್ದು ಸಣ್ಣ ಮಾತಲ್ಲ. ಚಿಕ್ಕವಳು ಶಾಲೆಗೆ ಬರೆದುಕೊಟ್ಟ ‘ನನ್ನ ಬೇಸಿಗೆ ರಜೆ’ಯ ಚಿತ್ರ ಮಾತ್ರ ಹೀಗಿತ್ತು: ಕಾರಿನ ಮುಂದಿನ ಗಾಜು, ಅದರಾಚೆ ಸೈಕಲ್ ಮೇಲೆ ಅಪ್ಪನ ಬೆನ್ನು.

ಈಗ ಭಾವನಿಗೆ ಹೊಸ ಉಮೇದು ಬಂದಿದೆ. ದಾಂಡೇಲಿಯಲ್ಲೇ ಒಂದು ಟ್ರಯಥ್ಲಾನ್ ಆಗಬೇಕು, ಪ್ರವಾಸೋದ್ಯಮ ಬೆಳೆಯಬೇಕು ಎಂದು ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದಾರೆ. ಇಂಥದ್ದನ್ನು ಯಾರಾದರೂ ನಿಜವಾಗಿಯೂ ಕೈಗೆತ್ತಿಕೊಳ್ಳುವುದಿದ್ದರೆ ನಮ್ಮದೊಂದು ಅರ್ಜಿ ಇದೆ. ಈಜಿಗೆ ಮೊಸಳೆ ಇಲ್ಲದ ನೀರು ಹುಡುಕಿ. ಓಟಕ್ಕೆ ಹಳಿಯಾಳದ ಮಕ್ಕಳನ್ನು ಶುಲ್ಕವಿಲ್ಲದೆ ಸೇರಿಸಿ. ಇವೆರಡೂ ಆಗದಿದ್ದರೆ ಹೋಗಲಿ, ದಡದಲ್ಲಿ ಕಾಯುವ ಹೆಂಗಸರು ಮಕ್ಕಳಿಗೆ ಒಂದು ನೆರಳು, ನಾಲ್ಕು ಬೆಂಚು, ನೀರು ಬರುವ ಒಂದು ಶೌಚಾಲಯ ಕಟ್ಟಿಸಿ. ಟ್ರಯಥ್ಲಾನ್ ಮುಂದಿನ ವರ್ಷಕ್ಕೆ ಹೋದರೂ ನಡೆಯುತ್ತದೆ.